ಎರಡು ಅಂಗೈ

ಪೆಟ್ಟಿಗೆಯ ಮುಚ್ಚಳ ಎತ್ತಿದ ಕೂಡಲೇ ಅಪ್ಪನ ಕರಿ ಹೊದಿಕೆಯ ವಾಸನೆ ಮೂಗಿಗೆ ಬಡಿಯಿತು. ನೆನೆದು ಒಣಗಿದ ಉಣ್ಣೆ, ಹಳೆಯ ಸಿಗರೇಟು, ಎಂದೋ ಚೆಲ್ಲಿದ ದ್ರಾಕ್ಷಾರಸ. ವಿದ್ಯಾರ್ಥಿ ದಿನಗಳಲ್ಲಿ, ಆಮೇಲೆ ಹಾಡುವಾಗಲೂ, ಹೆಗಲಿಗೆ ಹಾಕಿಕೊಳ್ಳುವ ಈ ಉದ್ದ ಹೊದಿಕೆಯನ್ನು ಕೊಯಿಂಬ್ರಾದಲ್ಲಿ ಯಾರೂ ತೊಳೆಯುವುದಿಲ್ಲ. ತೊಳೆದರೆ ಓದಿದ ವರ್ಷಗಳೂ ನೀರಿನಲ್ಲಿ ಹೋಗುತ್ತವೆ ಎಂಬ ನಂಬಿಕೆ. ಚಿಕ್ಕವಳಿದ್ದಾಗ ಒತೀಲಿಯಾ ಬಾಗಿಲ ಹಿಂದೆ ತೂಗುತ್ತಿದ್ದ ಆ ಹೊದಿಕೆಯೊಳಗೆ ಹೊಕ್ಕು ನಿಂತು, ಕತ್ತಲಲ್ಲಿ ಹಾಡುತ್ತಿದ್ದಳು. ಹಾಡು ಮುಗಿದಾಗ ಹೊರಗಿನಿಂದ ಅಪ್ಪ ಸಣ್ಣಗೆ ಕೆಮ್ಮುತ್ತಿದ್ದ.

ಅವಳು ಈಗ ಹುಡುಕುತ್ತಿದ್ದುದು ಕೈಗವಸು. ಸಿಕ್ಕಿತು. ಹಾಕಿಕೊಂಡು ಎರಡು ಅಂಗೈಗಳನ್ನೂ ಒಮ್ಮೆ ತಟ್ಟಿ ನೋಡಿದಳು. ದಿಂಬಿಗೆ ಗುದ್ದಿದ ಹಾಗಿತ್ತು. ಕಳಚಿ, ಬರಿಗೈಯಲ್ಲಿ ತಟ್ಟಿದಳು. ಪಕ್ಕದ ಮನೆಯ ನಾಯಿ ಬೊಗಳಿತು.

ಕೈಗವಸನ್ನು ಪೆಟ್ಟಿಗೆಗೇ ಎಸೆದು ಮುಚ್ಚಳ ಹಾಕಿದಳು. ಹೊರಗೆ ಫೆಬ್ರುವರಿಯ ಚಳಿ. ಇರಲಿ.

ಲಿಸ್ಬನ್ನಿನವರು ಹಾಡು ಮುಗಿದರೆ ಚಪ್ಪಾಳೆ ತಟ್ಟುತ್ತಾರೆ. ತಟ್ಟಲಿ, ಅವರದು ಹೋಟೆಲಿನ ಹಾಡು. ಈ ಊರಿನಲ್ಲಿ ಹಾಗಲ್ಲ. ಇಲ್ಲಿ ಹಾಡು ಮುಗಿದಾಗ ಕೇಳಿದವರು ಗಂಟಲು ಸರಿಮಾಡಿಕೊಂಡಂತೆ ಸಣ್ಣಗೆ ಕೆಮ್ಮುತ್ತಾರೆ, ಅಷ್ಟೆ. ಎದೆ ತುಂಬಿದೆ, ಮಾತು ಹೊರಡುತ್ತಿಲ್ಲ ಎಂದು ಅದರ ಅರ್ಥ. ಚಪ್ಪಾಳೆ ಇರುವುದು ಸರ್ಕಸ್ಸಿಗೆ, ಹುಟ್ಟುಹಬ್ಬದ ಕೂಸಿಗೆ. ಹಾಡಿದವನ ಮುಂದೆ ಅಂಗೈ ತಟ್ಟುವುದೂ ಅವನ ಕೆನ್ನೆಗೆ ಬಾರಿಸುವುದೂ ಒಂದೇ.

ಇವತ್ತು ಸಂಜೆ ಡಾಕ್ಟರ್ ವೆನಾನ್ಸಿಯೊ ಕೊನೆಯ ಸಲ ಹಾಡಲಿದ್ದ. ಅವನ ಕೊನೆಯ ಹಾಡು ಮುಗಿದ ಮೌನದಲ್ಲಿ ಒತೀಲಿಯಾ ಒಬ್ಬಳೇ ಚಪ್ಪಾಳೆ ತಟ್ಟಲಿದ್ದಳು.

ಕನ್ನಡಿಯ ಮುಂದೆ ನಿಂತು ಕೋಟಿನ ಗುಂಡಿ ಹಾಕಿಕೊಂಡಳು. ಮುಖದಲ್ಲಿ ಯಾವ ಬದಲಾವಣೆಯೂ ಇರಲಿಲ್ಲ. ಅದು ಅವಳಿಗೆ ಸಮಾಧಾನ ಕೊಟ್ಟಿತು.

*

ಇಳಿಜಾರಿನ ತಿರುವಿನಲ್ಲಿ ಝೆಫೆರಿನೊನ ಕಾಫಿ ಅಂಗಡಿ. ಅವಳು ಕೂರುವ ಮೇಜಿಗೆ ಬೇರೆ ಯಾರೂ ಬರದ ಹಾಗೆ ಅವನು ಬೆಳಗಿನಿಂದ ಅದರ ಮೇಲೊಂದು ಮಡಿಸಿದ ವೃತ್ತಪತ್ರಿಕೆ ಇಟ್ಟಿರುತ್ತಿದ್ದ. ಕಾಫಿ ತಂದು, ಕಪ್ಪಿನ ಹಿಡಿಯನ್ನು ಅವಳ ಎಡಗೈ ಕಡೆಗೆ ತಿರುಗಿಸಿಟ್ಟ. ಬಲ ಮಣಿಕಟ್ಟಿನ ನೋವಿನ ವಿಷಯ ಅವಳು ಅವನಿಗೆ ಎಂದೂ ಹೇಳಿರಲಿಲ್ಲ. ಅವಳ ಗಮನಕ್ಕೆ ಬಂದದ್ದು ತಟ್ಟೆಗೆ ತುಳುಕಿದ್ದ ಒಂದು ತೊಟ್ಟು ಕಾಫಿ.

"ಏನು ಡಾಕ್ಟರಮ್ಮ, ಇವತ್ತು ಯಾರ ತಲೆ?"

"ಯಾರದೂ ಇಲ್ಲ."

"ನೀವು ಹೀಗೆ ನೆಟ್ಟಗೆ ಕೂತಿದ್ದೀರಿ ಅಂದ್ರೆ ಯಾರಿಗೋ ಕಾದಿದೆ. ಹೋದ ವಾರ ಪತ್ರಿಕೇಲಿ ಆ ಅಕಾರ್ಡಿಯನ್ ಹುಡುಗನ್ನ ಏನಂತ ಬರೆದ್ರಿ? ನಮ್ಮನೆಯವಳು ಬಿದ್ದು ಬಿದ್ದು ನಕ್ಕಳು."

"ವಾದ್ಯ ಉಸಿರಾಡ್ತಿತ್ತು, ಹುಡುಗ ಆಡ್ತಿರಲಿಲ್ಲ ಅಂತ."

"ಹಾಂ, ಅದೇ. ಪಾಪ, ಅವನು ನಮ್ಮ ಬೀದಿಯವನೇ. ಈಗ ಅವರಮ್ಮ ಈ ಕಡೆ ಕಾಫಿಗೆ ಬರೋದು ಬಿಟ್ಟಿದ್ದಾಳೆ."

"ಬೀದಿ ನೋಡಿ ಬರೆಯೋಕಾಗುತ್ತಾ?"

"ಛೆ, ಎಲ್ಲಾದ್ರೂ ಉಂಟಾ," ಎಂದು ಝೆಫೆರಿನೊ ಬಟ್ಟೆಯಿಂದ ಆ ತೊಟ್ಟನ್ನು ಒರೆಸಿದ.

ಈ ಊರಿನಲ್ಲಿ ಪದವಿ ಪಡೆದವರೆಲ್ಲ ಡಾಕ್ಟರೇ. ಒತೀಲಿಯಾ ಸಂಗೀತಶಾಸ್ತ್ರದ ಡಾಕ್ಟರು. ವೆನಾನ್ಸಿಯೊ ಮಾತ್ರ ನಿಜವಾದವನು. ಕಿವಿ, ಮೂಗು, ಗಂಟಲಿನವನು. ಊರಿನ ಅರ್ಧ ಗಂಟಲುಗಳೊಳಗೆ ದೀಪ ಹಿಡಿದು ನೋಡಿ, ಮಿಕ್ಕ ಹೊತ್ತಿನಲ್ಲಿ ತನ್ನ ಗಂಟಲು ತೆರೆದು ಹಾಡಿದವನು. ಅವನ ಚಿತ್ರ ಬ್ಯಾಂಕಿನಲ್ಲೂ ಇತ್ತು, ಕ್ಷೌರದ ಅಂಗಡಿಯಲ್ಲೂ ಇತ್ತು. ಝೆಫೆರಿನೊನ ಗೋಡೆಯ ಮೇಲೂ ಒಂದು ಇತ್ತು. ಒತೀಲಿಯಾ ಯಾವಾಗಲೂ ಅದಕ್ಕೆ ಬೆನ್ನು ಮಾಡಿ ಕೂರುತ್ತಿದ್ದಳು.

ಅವಳ ಅಂಕಣದ ಹೆಸರು 'ನನ್ನ ಕಿವಿಗೆ'. ಅದರಲ್ಲಿ ವೆನಾನ್ಸಿಯೊನ ಹಾಡುಗಳ ಮೊದಲ ಧ್ವನಿತಟ್ಟೆಯ ಬಗ್ಗೆ ಬರೆದದ್ದು: "ಗಿಟಾರು ಚೆನ್ನಾಗಿದೆ. ಹಾಡುಗಾರ ಅದಕ್ಕೆ ಹೆಚ್ಚು ಅಡ್ಡ ಬಂದಿಲ್ಲ." ಎರಡನೆಯದು, 'ನದಿಗೆ ಎರಡು ದಡ', ಊರಿಗೆ ಊರೇ ಕೊಂಡು ಕೇಳಿ ಅತ್ತ ತಟ್ಟೆ. ಅದರ ಬಗ್ಗೆ: "ಮುಖಪುಟದ ಚಿತ್ರ ತುಂಬ ಸೊಗಸಾಗಿದೆ." ಕ್ರಿಸ್‌ಮಸ್ಸಿನ ಹಾಡುಗಳ ಬಗ್ಗೆ: "ನಿದ್ದೆ ಬಾರದವರಿಗೆ ಔಷಧಿ, ಹಾಡಿದವರು ವೈದ್ಯರೇ ಆದ್ದರಿಂದ ಭಯವಿಲ್ಲ."

ಒಂದು ಸುಳ್ಳನ್ನೂ ಬರೆದಿರಲಿಲ್ಲ. ಗಿಟಾರು ಚೆನ್ನಾಗಿಯೇ ಇತ್ತು. ಚಿತ್ರ ಸೊಗಸಾಗಿಯೇ ಇತ್ತು. ಹೇಳದೆ ಬಿಟ್ಟದ್ದು ಮಾತ್ರ ಹೆಚ್ಚು.

ವೆನಾನ್ಸಿಯೊ ಒಮ್ಮೆಯೂ ಉತ್ತರಿಸಲಿಲ್ಲ. ಬದಲಿಗೆ ಪ್ರತಿ ಕ್ರಿಸ್‌ಮಸ್ಸಿಗೂ ಆ ಮನೆಯಿಂದ ಶುಭಾಶಯ ಬರುತ್ತಿತ್ತು, ಅವನ ಹೆಂಡತಿ ದೆಲ್ಫಿನಾಳ ಕೈಬರಹದಲ್ಲಿ. ಹೆದರಿದವರು ಕೊಡುವ ಕಪ್ಪಕಾಣಿಕೆ ಎಂದು ಒತೀಲಿಯಾ ಅದನ್ನು ಓದದೆ ಡ್ರಾಯರಿಗೆ ಹಾಕುತ್ತಿದ್ದಳು.

ಫೋನು ಬಡಿದುಕೊಂಡಿತು. ಸಂಪಾದಕ ಅಬೀಲಿಯೊ. ದಕ್ಷಿಣದ ಕರಾವಳಿಯಿಂದ ಬಂದವನು, ಚಿಕ್ಕ ವಯಸ್ಸು, ಎಲ್ಲದಕ್ಕೂ ಆತುರ.

"ಬರೆದಾಯ್ತಾ ಮೇಡಂ?"

"ಕೊನೇ ವಾಕ್ಯ ಒಂದು ಬಾಕಿ."

"ಕಾರ್ಯಕ್ರಮ ಸಂಜೆ ಅಲ್ವಾ? ಮಿಕ್ಕಿದ್ದೆಲ್ಲ ಈಗಲೇ ಹೇಗೆ ಬರೆದ್ರಿ?"

"ಅವನನ್ನ ಇಷ್ಟು ವರ್ಷದಿಂದ ಕೇಳ್ತಿದ್ದೀನಿ. ಇವತ್ತು ಹೊಸದಾಗಿ ಏನು ಹಾಡಿಬಿಡ್ತಾನೆ?"

"ಹಾಗಲ್ಲ... ಹೊಸ ತಟ್ಟೆ ಬೇರೆ ಬಿಡುಗಡೆ. ಇದೇ ಕೊನೇದು ಅಂತಿದ್ದಾರೆ. ಏನಾದ್ರೂ ಒಂದು ಒಳ್ಳೆ ಮಾತು ಹಾಕಿ."

"ಹಾಕಿದ್ದೀನಿ."

"ಏನಂತ?"

"ಗಿಟಾರಿನ ಬಗ್ಗೆ."

ಆ ಕಡೆ ಅಬೀಲಿಯೊ ನಿಟ್ಟುಸಿರಿಟ್ಟ.

ಬಾಕಿ ಇದ್ದ ಕೊನೆಯ ವಾಕ್ಯವೂ ಅವಳ ತಲೆಯಲ್ಲಿ ಸಿದ್ಧವಾಗಿತ್ತು: ಕೊನೆಗೆ ಸಭೆಯಿಂದ ಚಪ್ಪಾಳೆ ಕೇಳಿಬಂತು. ಅಷ್ಟೆ. ಅಬೀಲಿಯೊನಿಗೆ ಅದರಲ್ಲಿ ಏನೂ ಕಾಣಿಸದು. ಆದರೆ ನಾಳೆ ಬೆಳಿಗ್ಗೆ ಊರಿನ ಹಳೆಯ ವಕೀಲರು, ಮೇಷ್ಟ್ರುಗಳು, ಗಿಟಾರು ಮಾಡುವವರು ಪತ್ರಿಕೆ ಬಿಡಿಸಿ ಆ ಸಾಲಿಗೆ ಬಂದಾಗ ಕೈಯಲ್ಲಿನ ಕಪ್ಪು ಬಾಯಿಗೆ ಹೋಗದೆ ನಿಲ್ಲುತ್ತದೆ. ಚಪ್ಪಾಳೆಯೇ? ವೆನಾನ್ಸಿಯೊನಿಗೆ? ಅವನೂ ಓದುತ್ತಾನೆ. ಓದಿ, ಪತ್ರಿಕೆ ಮಡಿಸಿ, ಇಡೀ ಬದುಕು ಹಾಡಿದ ಮೇಲೆ ತನಗೆ ಉಳಿದದ್ದು ಆ ಒಂದು ಸದ್ದು ಎಂದು ತಿಳಿದುಕೊಳ್ಳುತ್ತಾನೆ.

ಒತೀಲಿಯಾ ಕಾಫಿ ಕುಡಿದಳು. ಎಡಗೈಯಲ್ಲಿ.

*

ವೆನಾನ್ಸಿಯೊನ ಮನೆ ಆಗ ಬೆಟ್ಟದ ನೆತ್ತಿಯಲ್ಲಿ, ವಿಶ್ವವಿದ್ಯಾಲಯದ ಗೋಡೆಗೆ ಒತ್ತಿಕೊಂಡಂತಿತ್ತು. ಅವಳಿಗೆ ಇನ್ನೂ ಇಪ್ಪತ್ತೊಂದು ತುಂಬಿರಲಿಲ್ಲ. ಅಪ್ಪ ಅವನ ಗೆಳೆಯರ ಗುಂಪಿನಲ್ಲಿ ಎರಡನೆಯ ಗಿಟಾರು ನುಡಿಸುತ್ತಿದ್ದ. ಮುಂದಿನ ಸಾಲಿಗೆ ಎಂದೂ ಬಾರದ, ಯಾರೂ ಬೈಯದ ಗಿಟಾರು. ಒಂದು ಸಂಜೆ ಊಟಕ್ಕೆ ಕರೆದಿದ್ದರು. ಅಡುಗೆಮನೆಯಲ್ಲಿ ಕರಿಮಣ್ಣಿನ ಮಡಕೆಯಲ್ಲಿ, ಕೆಂಪು ದ್ರಾಕ್ಷಾರಸದಲ್ಲಿ ಮೇಕೆಯ ಮಾಂಸ ಬೇಯುತ್ತಿತ್ತು. ಮನೆಯೆಲ್ಲ ಅದರ ಘಮ.

"ಸಿಯಾಬ್ರಾನ ಮಗಳೂ ಹಾಡ್ತಾಳಂತಲ್ರೋ," ಎಂದ ಯಾರೋ, ಅಪ್ಪನ ಬೆನ್ನು ತಟ್ಟಿ.

"ಹೆಣ್ಣು ಹುಡುಗಿ ಈ ಹಾಡು ಹಾಡೋದಾ?" ಎಂದ ಇನ್ನೊಬ್ಬ.

"ಹಾಡಲಿ ಬಿಡಿ. ಮಾಂಸ ಬೇಯೋಕೆ ಇನ್ನೂ ಹೊತ್ತಿದೆ," ಎಂದ ವೆನಾನ್ಸಿಯೊ. ಎಲ್ಲರೂ ನಕ್ಕರು.

ಆಗ ಆ ಹಾಡುಗಳು ಗಂಡಸರವು. ಅವಳು ಅಪ್ಪನ ಕರಿ ಹೊದಿಕೆಯನ್ನು ಹೆಗಲ ಮೇಲೆ ಎಳೆದುಕೊಂಡು ಕಿಟಕಿಯ ಬಳಿ ನಿಂತಳು. ಹಾಡಿದಳು. ಹೇಗೆ ಹಾಡಿದಳೆಂಬುದರ ಬಗ್ಗೆ ಇಷ್ಟು ವರ್ಷಗಳಲ್ಲಿ ಸಾವಿರಾರು ಜನರ ಹಾಡನ್ನು ತೂಗಿದ ಅವಳ ಕಿವಿಗೆ ಇವತ್ತಿಗೂ ಒಂದು ಅಭಿಪ್ರಾಯವಿರಲಿಲ್ಲ. ಹೊದಿಕೆಯೊಳಗಿನ ಕತ್ತಲು ಮಾತ್ರ ನೆನಪಿತ್ತು.

ಹಾಡು ಮುಗಿಯಿತು. ಯಾರೂ ಅಲುಗಲಿಲ್ಲ. ಅವಳು ಅಪ್ಪನತ್ತ ನೋಡಿದಳು. ಅಪ್ಪನ ಗಂಟಲಿನ ಗಂಟು ಮೇಲೇರಿತು. ಈಗ ಕೆಮ್ಮುತ್ತಾನೆ ಎಂದುಕೊಂಡಳು.

ಅಷ್ಟರಲ್ಲಿ ವೆನಾನ್ಸಿಯೊ ಚಪ್ಪಾಳೆ ತಟ್ಟಿದ. ನಗುನಗುತ್ತ, ಜೋರಾಗಿ, ಹುಟ್ಟುಹಬ್ಬದ ಮೇಣದಬತ್ತಿ ಆರಿಸಿದ ಮಗುವಿಗೆ ತಟ್ಟುವ ಹಾಗೆ. ಗೆಳೆಯರೂ ತಟ್ಟಿದರು. ಯಾರೋ ಸೀಟಿ ಹೊಡೆದ.

ಅಪ್ಪ ಸುತ್ತ ನೋಡಿದ. ಮೇಲೇರಿದ್ದ ಗಂಟು ಕೆಳಗಿಳಿಯಿತು. ಅಪ್ಪನೂ ತಟ್ಟಿದ.

ಅವಳು ಊಟಕ್ಕೆ ನಿಲ್ಲಲಿಲ್ಲ. ಮತ್ತೆಂದೂ ಹಾಡಲಿಲ್ಲ. ಮೊದಲು ಓದು, ಆಮೇಲೆ ಪಾಠ, ಆಮೇಲೆ ಅಂಕಣ. ಈಗ ಕೆಲಸಕ್ಕಲ್ಲದೆ ಹಾಡು ಕೇಳುವುದನ್ನೂ ಬಿಟ್ಟಿದ್ದಳು. ಮನೆಯ ಮೂರು ಗೋಡೆಗೆ ತಟ್ಟೆಗಳು, ನಾಲ್ಕನೆಯದಕ್ಕೆ ಕಿಟಕಿ. ಎಲ್ಲವೂ ಮುಚ್ಚಿಯೇ ಇರುತ್ತಿದ್ದವು.

ಅಪ್ಪ ಸತ್ತ. ಸತ್ತವರ ಬಗ್ಗೆ ವಿಮರ್ಶೆ ಬರೆಯುವ ಹಾಗಿಲ್ಲ. ವೆನಾನ್ಸಿಯೊ ಬದುಕಿದ್ದ.

*

ಹಳೆಯ ಪ್ರಾರ್ಥನಾ ಮಂದಿರವೊಂದನ್ನು ಸಭಾಂಗಣ ಮಾಡಿದ್ದರು. ಬಾಗಿಲಲ್ಲಿ ದೆಲ್ಫಿನಾ ನಿಂತಿದ್ದಳು. ಕುಳ್ಳಗಿನ ಮುದುಕಿ, ಕೋಟಿನ ಗುಂಡಿ ಒಂದು ಕಾಜ ತಪ್ಪಿ ಬಿದ್ದಿತ್ತು. ಬರುವವರಿಗೆಲ್ಲ ತಾನೇ ಜಾಗ ತೋರಿಸುತ್ತಿದ್ದಳು.

"ಬಂದ್ರಾ ದೋನಾ ಒತೀಲಿಯಾ! ಬರ್ತೀರೋ ಇಲ್ವೋ ಅಂದ್ಕೊಂಡಿದ್ದೆ."

"ಕೆಲಸ ಇತ್ತು."

"ಆ ಮೂಲೆ ಬೇಡ, ಬಾಗಿಲು ತೆಗೆದಾಗೆಲ್ಲ ಗಾಳಿ ನುಗ್ಗುತ್ತೆ. ಇಲ್ಲಿ ಬನ್ನಿ." ಎರಡನೆಯ ಸಾಲಿನ ನಡುವೆ ಒಂದು ಕುರ್ಚಿಯ ಮೇಲಿಟ್ಟಿದ್ದ ತನ್ನ ಕೈಚೀಲ ಎತ್ತಿಕೊಂಡಳು. "ಕೈಗವಸು ಎಲ್ಲಿ? ನೋಡಿ, ಕೈ ಹೇಗೆ ಕೆಂಪಾಗಿದೆ."

"ಮರೆತೆ."

ದೆಲ್ಫಿನಾ ಒತೀಲಿಯಾಳ ಅಂಗೈಗಳನ್ನು ಒಂದು ಕ್ಷಣ ನೋಡಿದಳು. ಆಮೇಲೆ ಮುಖ ನೋಡಿದಳು. ಬಾಗಿಲ ಕಡೆ ಹೋದಳು.

ಹಾಡುಗಾರನ ಎದುರಿಗೇ ಕುರ್ಚಿ. ತಾನೇ ಆರಿಸಿದ್ದರೂ ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಒತೀಲಿಯಾ ಸುತ್ತ ನೋಡಿದಳು. ಹಿಂದಿನ ಸಾಲುಗಳ ತುಂಬ ಪ್ರವಾಸಿಗಳು, ಬಣ್ಣಬಣ್ಣದ ಜಾಕೀಟು, ಕತ್ತಿಗೆ ಕ್ಯಾಮೆರಾ. ಗೋಡೆಗೆ ಒರಗಿ ಫೋನು ಹಿಡಿದ ಎಳೆಯರು. ಊರಿನ ಹಳೆಯ ಮುಖಗಳು ಬೆರಳೆಣಿಕೆಯಷ್ಟು, ಅವೂ ಕೋಟಿನ ಕಾಲರಿನಲ್ಲಿ ಹುದುಗಿಕೊಂಡಿದ್ದವು. ಸಾಕು. ಸಾಕ್ಷಿಗೆ ಅಷ್ಟೇ ಸಾಕು.

ದೀಪ ತಗ್ಗಿಸಿದರು. ಇಬ್ಬರು ಗಿಟಾರಿನವರು ಬಂದು ಕೂತರು. ವೆನಾನ್ಸಿಯೊ ಅವರ ನಡುವೆ ನಿಂತ. ಕರಿ ಹೊದಿಕೆಯೊಳಗೆ ಅವನು ಸಣ್ಣಗಾಗಿದ್ದ. ಬಾಗಿಲ ಹಿಂದೆ ತೂಗುಹಾಕಿದ ಬಟ್ಟೆಯೊಳಗೆ ಯಾರೋ ಹೊಕ್ಕು ನಿಂತಂತೆ ಕಾಣುತ್ತಿದ್ದ. ಹಾಡುವಾಗ ಸಭೆಯನ್ನು ನೋಡಲಿಲ್ಲ, ಗಿಟಾರಿನವನ ಪಾದವನ್ನೇ ನೋಡುತ್ತಿದ್ದ.

ಮೊದಲ ಹಾಡಿನಲ್ಲೇ ದನಿ ಒಡೆಯಿತು. ಒತೀಲಿಯಾ ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು: ಉಸಿರು ಮೋಟು, ಮೇಲಿನ ಸ್ವರ ತೆಳು, ಎರಡನೆಯ ಚರಣದಲ್ಲಿ ತಡವರಿಕೆ. ಕೆಲಸ ಸುಗಮವಾಗಿತ್ತು. ಅಲ್ಲೊಂದು ಇಲ್ಲೊಂದು ಕೆಮ್ಮು ಕೇಳಿತು. ಪ್ರವಾಸಿಗಳು ಏನು ಮಾಡಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಎರಡನೆಯ ಹಾಡೂ ಹಾಗೆಯೇ ಹೋಯಿತು.

ಕೊನೆಯ ಹಾಡು ಊರಿಗೆಲ್ಲ ಬಾಯಿಪಾಠವಾದದ್ದು. ಅದರ ನೆತ್ತಿಯಲ್ಲಿ ಒಂದು ಸ್ವರವಿದೆ; ಆ ಸ್ವರವನ್ನು ಏರಿಯೇ ಅವನು ಹೆಸರು ಮಾಡಿದ್ದು. ಇವತ್ತು ಏರಲಾರ. ಎಲ್ಲಿ ಬೀಳುತ್ತಾನೋ ನೋಡೋಣ ಎಂದು ಒತೀಲಿಯಾ ಮುಂದಕ್ಕೆ ಬಾಗಿದಳು.

ಅವನು ಏರಲಿಲ್ಲ. ಬೀಳಲೂ ಇಲ್ಲ. ಅದರ ಬುಡಕ್ಕೆ ಬಂದು, ತಲೆಯೆತ್ತಿ ಒಮ್ಮೆ ನೋಡಿದವನ ಹಾಗೆ ನಿಂತು, ಕೆಳಗಿನ ಸ್ವರವನ್ನು ಹಿಡಿದು, ಅದನ್ನು ಬಹಳ ಮೆಲ್ಲಗೆ ನೆಲಕ್ಕಿಟ್ಟ. ಎಂದೂ ಯಾರೂ ಆ ಹಾಡನ್ನು ಹಾಗೆ ಹಾಡಿರಲಿಲ್ಲ. ಆ ಹಾಡು ಇಷ್ಟು ಕಾಲ ಬೇಡುತ್ತಿದ್ದುದು ಅದನ್ನೇ ಇರಬೇಕು ಎಂದು ಅವಳ ಕಿವಿ ಹೇಳಿತು.

ಅವಳು ಕಿವಿಯ ಮಾತು ಕೇಳಿದಳು. ಅದು ನಿಜವೆಂದು ಅವಳಿಗೆ ಗೊತ್ತಾಯಿತು. ಗಂಟಲಲ್ಲಿ ಏನೋ ಮೇಲೇರಿತು.

ಮೌನ. ಹಿಂದೆಲ್ಲೋ ಮುದುಕನೊಬ್ಬ ಕೆಮ್ಮಲು ಉಸಿರೆಳೆದುಕೊಂಡ ಸದ್ದು.

ಒತೀಲಿಯಾ ಚಪ್ಪಾಳೆ ತಟ್ಟಿದಳು.

ಕಲ್ಲಿನ ಕಮಾನಿಗೆ ಬಡಿದು ಆ ಸದ್ದು ಹಲಗೆ ಬಿದ್ದಂತೆ ವಾಪಸು ಬಂತು. ಮತ್ತೆ ತಟ್ಟಿದಳು. ಮಣಿಕಟ್ಟು ಉರಿಯಿತು. ವೆನಾನ್ಸಿಯೊ ಪಾದದಿಂದ ಕಣ್ಣೆತ್ತಿದ. ಅವಳ ಕೈಗಳನ್ನು ನೋಡಿದ. ಅವನ ಮುಖದಿಂದ ರಕ್ತ ಇಳಿದು ಹೋಯಿತು, ಬಾಯಿ ಅರೆ ತೆರೆಯಿತು. ಅಂದು ಕಿಟಕಿಯ ಬಳಿ ನಿಂತ ಹುಡುಗಿಯ ಮುಖವನ್ನು ಯಾರಾದರೂ ನೋಡಿದ್ದರೆ ಅವರಿಗೆ ಕಾಣುತ್ತಿದ್ದುದೂ ಇದೇ ಮುಖ. ಅವಳು ಅದನ್ನು ನೋಡಿದಳು. ಪೂರ್ತಿ ನೋಡಿದಳು.

ಒಂದು ಉಸಿರಿನಷ್ಟು ಹೊತ್ತು.

ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ನೆಮ್ಮದಿಯಿಂದ ಚಪ್ಪಾಳೆ ತಟ್ಟಿದರು. ಇಷ್ಟು ಹೊತ್ತು ಅಪ್ಪಣೆಗೆ ಕಾಯುತ್ತಿದ್ದವರ ಹಾಗೆ. ಅವರ ಪಕ್ಕದವರೂ ತಟ್ಟಿದರು. ಗೋಡೆಯ ಬಳಿಯ ಎಳೆಯರು ಫೋನನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಟ್ಟಿದರು. ಪ್ರವಾಸಿಗಳು ಎದ್ದು ನಿಂತರು. ಎಲ್ಲರೂ ಎದ್ದು ನಿಂತರು. ಕಾಲರಿನಲ್ಲಿ ಹುದುಗಿದ್ದ ಹಳಬರು ಅತ್ತ ಇತ್ತ ನೋಡಿ, ತಾವೂ ಎದ್ದು, ಮುಜುಗರದಿಂದ ಅಂಗೈ ಸೇರಿಸಿದರು. ಮಂದಿರ ಮಳೆ ಬಿದ್ದ ತಗಡಿನಂತೆ ಮೊರೆಯಿತು.

ವೆನಾನ್ಸಿಯೊ ಅಳುತ್ತಿದ್ದ. ನಗುತ್ತಲೂ ಇದ್ದ.

ಆ ಗದ್ದಲದ ನಡುವೆ ಒತೀಲಿಯಾ ಕೈ ಕೆಳಗಿಳಿಸಿ ಕೂತಳು. ಬಾಗಿಲ ಬಳಿ ತಟ್ಟದೆ ನಿಂತಿದ್ದ ಇನ್ನೊಬ್ಬಳು ದೆಲ್ಫಿನಾ.

*

ಹೊರಟುಬಿಡಬೇಕೆಂದು ಎದ್ದಾಗ ಕಾರ್ಯಕ್ರಮ ನಡೆಸುತ್ತಿದ್ದ ಹುಡುಗಿ ಬಂದು ತೋಳು ಹಿಡಿದಳು. "ಡಾಕ್ಟರು ನಿಮ್ಮನ್ನ ಕರೀತಿದ್ದಾರೆ. ಮೊದಲು ತಟ್ಟಿದ್ದು ನೀವೇ ಅಲ್ವಾ? ಥ್ಯಾಂಕ್ಸ್ ಮೇಡಂ. ನಮಗೆಲ್ಲ ತಟ್ಟಬೇಕೋ ಬೇಡವೋ ಅಂತ ಭಯ ಇತ್ತು."

ಪಕ್ಕದ ಕೋಣೆಯಲ್ಲಿ ಸಣ್ಣ ಒಲೆಯೊಂದರ ಮೇಲೆ ದೆಲ್ಫಿನಾ ಏನನ್ನೋ ಬಿಸಿಮಾಡುತ್ತಿದ್ದಳು. ಗಿಟಾರಿನವರು ಊಟಕ್ಕೆ ಕಾಯುತ್ತ ಕೂತಿದ್ದರು. ವೆನಾನ್ಸಿಯೊ ಹೊದಿಕೆಯನ್ನು ಕುರ್ಚಿಯ ಬೆನ್ನಿಗೆ ಹಾಕಿ, ಎರಡೂ ಕೈ ಚಾಚಿ ಬಂದ.

"ನಿಮ್ಮ ಕೈ ಕೊಡಿ ಇಲ್ಲಿ! ಈ ಕೈಯೇ ಅಲ್ವಾ?"

ಅವಳು ಏನೋ ಹೇಳಿದಳು.

"ಜೋರಾಗಿ ಹೇಳಿ. ಕಿವಿ ಡಾಕ್ಟರಿಗೆ ಕಿವಿ ಹೋಗಿದೆ. ನಗಿ ನಗಿ, ಪರವಾಗಿಲ್ಲ. ನಮ್ಮನೆಯವಳು ದಿನಾ ನಗ್ತಾಳೆ."

"ನಾನೆಲ್ಲಿ ನಗ್ತೀನಿ?" ಎಂದಳು ದೆಲ್ಫಿನಾ, ಒಲೆಯಿಂದ ತಿರುಗದೆ.

"ಏನಂದ್ಲು?"

"ಏನೂ ಇಲ್ಲ, ಡಾಕ್ಟರೇ," ಎಂದು ಗಿಟಾರಿನವನು ಕೂಗಿದ.

ವೆನಾನ್ಸಿಯೊ ಒತೀಲಿಯಾಳ ಕೈಗಳನ್ನು ಬಿಡಲಿಲ್ಲ. "ನೋಡಿ, ಕೆಮ್ಮು ನನಗೆ ಕೇಳೋದು ನಿಂತು ಎಷ್ಟೋ ವರ್ಷ ಆಯ್ತು. ಹಾಡು ಮುಗಿಸಿ ಕಣ್ಣೆತ್ತಿದ್ರೆ ಎಲ್ಲಾ ಕಲ್ಲಿನ ಹಾಗೆ ಕೂತಿರೋರು. ಒಬ್ಬರಿಗೂ ಹಿಡಿಸಲಿಲ್ಲ ಅಂದ್ಕೊಂಡು ಮನೆಗೆ ಹೋಗ್ತಿದ್ದೆ. ಇವಳು ಕೆಮ್ಮಿದ್ರು ಕೆಮ್ಮಿದ್ರು ಅಂತಾಳೆ. ಹೆಂಡತಿ ಮಾತು ನಂಬೋಕಾಗುತ್ತಾ? ನಿಮ್ಮದು ನಂಬ್ತಿದ್ದೆ."

"ನನ್ನದಾ?"

"ನೀವು ಬರೆದದ್ದು! ಗಿಟಾರು ಚೆನ್ನಾಗಿದೆ ಅಂತ. ಎಲ್ಲರೂ ಹೊಗಳೋರು, ಈ ಒತೀಲಿಯಾ ಒಬ್ಬಳು ನಿಜ ಹೇಳ್ತಾಳೆ ಅಂದ್ಕೋತಿದ್ದೆ. ಇವತ್ತು ನಿಮ್ಮ ಕೈ ಮೇಲೆದ್ದಾಗ ಎದೆ ಧಸಕ್ ಅಂತು. ಅಯ್ಯೋ, ಚಪ್ಪಾಳೆ! ಆಮೇಲೆ ನೋಡಿದ್ರೆ ಊರೇ ಎದ್ದು ನಿಂತಿದೆ. ಸರಿ, ಕಾಲ ಬದಲಾಯ್ತು, ಈಗ ಹೀಗೆ ಅಂತ ಕಾಣುತ್ತೆ ಅಂದ್ಕೊಂಡೆ." ಅವನ ಕಣ್ಣು ಮತ್ತೆ ತುಂಬಿತು. "ಕಡೆಗೂ ನಿಮಗೆ ಹಿಡಿಸ್ತು."

ಒತೀಲಿಯಾ ಕೈ ಬಿಡಿಸಿಕೊಂಡಳು.

"ಒಂದು ಸಂಜೆ ನಿಮ್ಮ ಮನೇಲಿ ನಾನು ಹಾಡಿದ್ದೆ," ಎಂದಳು.

"ಆಂ?"

"ನಾನು ಹಾಡಿದ್ದೆ!" ಅವಳು ಕೂಗಿದಳು. ಗಿಟಾರಿನವರು ಮಾತು ನಿಲ್ಲಿಸಿದರು. "ನಿಮ್ಮ ಮನೇಲಿ! ಸಿಯಾಬ್ರಾ ಮಗಳು!"

"ಸಿಯಾಬ್ರಾ! ಎಂಥ ಒಳ್ಳೆ ಮನುಷ್ಯ, ಪಾಪ. ನೀವು ಹಾಡ್ತಿದ್ರಾ?" ಅವನ ಮುಖ ಅರಳಿತು. ಅದರಲ್ಲಿ ನಾಟಕವಿರಲಿಲ್ಲ, ಅವಳು ಎಷ್ಟು ಹುಡುಕಿದರೂ ಸಿಗಲಿಲ್ಲ. "ನನಗೆ ಗೊತ್ತೇ ಇರಲಿಲ್ಲ. ಮತ್ಯಾಕೆ ನಿಲ್ಲಿಸಿದ್ರಿ?"

ಈ ಪ್ರಶ್ನೆಗೆ ಅವಳು ನೂರು ಉತ್ತರಗಳನ್ನು ಹದಮಾಡಿ ಇಟ್ಟುಕೊಂಡಿದ್ದಳು. ಒಂದೂ ಕೈಗೆ ಸಿಗಲಿಲ್ಲ.

"ಗಂಟಲು ಕಟ್ಟಿತು," ಎಂದಳು.

ಅದು ಅವನಿಗೆ ಕೇಳಿಸಿತು, ಅಥವಾ ತುಟಿಯಲ್ಲಿ ಕಾಣಿಸಿತು. "ಅಯ್ಯೋ! ನನಗೆ ತೋರಿಸಬಾರದಿತ್ತಾ? ಅದೇ ನನ್ನ ಕೆಲಸ. ಎಲ್ಲಿ, ಬಾಯಿ ತೆರೀರಿ."

"ರೀ, ಬಿಡಿ ಅವರನ್ನ," ಎಂದಳು ದೆಲ್ಫಿನಾ.

ಅವನು ನಗುತ್ತ ಒತೀಲಿಯಾಳ ಗಲ್ಲ ಹಿಡಿದು ದೀಪದ ಕಡೆಗೆ ಎತ್ತಿದ. ವೈದ್ಯನ ಬೆರಳು, ಹಗುರ, ಬೆಚ್ಚಗೆ. ಏಕೆಂದು ತಿಳಿಯದೆ ಅವಳು ಬಾಯಿ ತೆರೆದಳು. ಅವನು ಬಗ್ಗಿ, ಒಂದು ಕಣ್ಣು ಕಿರಿದು ಮಾಡಿ, ಒಳಗೆ ನೋಡಿದ. ತೆರೆದ ಬಾಯಿಯಿಂದ ಸದ್ದೇನೂ ಬರಲಿಲ್ಲ.

"ಏನೂ ಇಲ್ಲ," ಎಂದು ವೆನಾನ್ಸಿಯೊ ಸಂತೋಷದಿಂದ ಹೇಳಿದ. "ಎಲ್ಲಾ ಚೆನ್ನಾಗೇ ಇದೆ. ಇಲ್ಲಿ ಏನೂ ಇಲ್ಲ."

*

ಹೊರಗೆ ಅಂಗಳದಲ್ಲಿ ನಿಂತು ಅಬೀಲಿಯೊನಿಗೆ ಫೋನು ಮಾಡಿದಳು. ಕೊನೆಯ ವಾಕ್ಯ ಹೇಳಿದಳು.

"'ಕೊನೆಗೆ ಸಭೆಯಿಂದ ಚಪ್ಪಾಳೆ ಕೇಳಿಬಂತು'," ಎಂದು ಅವನು ಬರೆದುಕೊಳ್ಳುತ್ತ ಓದಿದ. "ಭಲೇ ಮೇಡಂ! ಇಷ್ಟು ವರ್ಷಕ್ಕೆ ಒಂದು ಒಳ್ಳೆ ಮಾತು. ಇದನ್ನೇ ತಲೆಬರಹ ಮಾಡ್ಲಾ?"

"ಆ ಮಾತು..."

"ಹಾಂ, ಹೇಳಿ?"

ಅದು ನಿಜವಾಗಿತ್ತು. ಅವಳು ಬರೆದದ್ದೆಲ್ಲ ನಿಜವೇ. ಕಿವಿ ಕೇಳಿದ್ದನ್ನು, ಆ ಕೆಳಗಿನ ಸ್ವರವನ್ನು ಬರೆಯಬಹುದಿತ್ತು. ಅದಕ್ಕೆ ಮಾತು ಹುಡುಕಿದಳು. ಗಿಟಾರಿನ ಬಗ್ಗೆ ಮಾತ್ರ ಸಿಕ್ಕಿತು.

"ನಿನ್ನಿಷ್ಟ," ಎಂದು ಫೋನಿಟ್ಟಳು.

ಕೆಳಗೆ ನದಿಯ ಆಚೆ ದಡದ ಬೆಳಕು ಒಂದೊಂದಾಗಿ ಹತ್ತುತ್ತಿತ್ತು. ಪ್ರವಾಸಿಗಳ ಬಸ್ಸು ಹೊರಟಿತ್ತು. ಬಸ್ಸಿನೊಳಗೆ ಯಾರೋ ಆ ಕೊನೆಯ ಹಾಡನ್ನು ತಪ್ಪುತಪ್ಪಾಗಿ ಗುನುಗುತ್ತಿದ್ದರು, ಉಳಿದವರು ಲಯಕ್ಕೆ ಅಂಗೈ ತಟ್ಟುತ್ತಿದ್ದರು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಆ ಸದ್ದು ಸ್ವಲ್ಪ ಹೊತ್ತು ಉಳಿಯಿತು.

ಹಿಂದೆ ಹೆಜ್ಜೆಯ ಸದ್ದಾಯಿತು. ದೆಲ್ಫಿನಾ. ಕೈಯಲ್ಲಿ ಮುಚ್ಚಳವಿದ್ದ ಸಣ್ಣ ಕರಿಮಣ್ಣಿನ ಮಡಕೆ. ಬಿಸಿ ತಾಗದಿರಲೆಂದು ಅದರ ಅಡಿಗೆ ಏನನ್ನೋ ಮಡಿಸಿ ಹಿಡಿದಿದ್ದಳು. ಕೈಗೆ ಸಿಕ್ಕಿದ್ದನ್ನು ತಂದಿರಬೇಕು. ಗಂಡನ ಹೊದಿಕೆ. ಅದರ ಒಂದು ತುದಿ ನೆಲಕ್ಕೆ ಎಳೆಯುತ್ತಿತ್ತು.

"ದೋನಾ ದೆಲ್ಫಿನಾ, ನನಗೆ ಹಸಿವಿಲ್ಲ."

ದೆಲ್ಫಿನಾ ಹತ್ತಿರ ಬಂದು ನಿಂತಳು. ಕಣ್ಣಿನಲ್ಲಿ ಸಿಟ್ಟಿತ್ತೋ ಕನಿಕರವಿತ್ತೋ ಕತ್ತಲಿನಲ್ಲಿ ತಿಳಿಯುವಂತಿರಲಿಲ್ಲ.

"ಅವತ್ತು ನೀನು ಊಟ ಮಾಡದೆ ಹೋಗ್ಬಿಟ್ಟೆ," ಎಂದಳು. "ಅಡುಗೆಮನೆಗೂ ಕೇಳಿಸಿತ್ತು."

ಯಾವುದು ಎಂದು ಒತೀಲಿಯಾ ಕೇಳಲಿಲ್ಲ. ಹಾಡೋ, ಅದರ ಮೇಲೆ ಬಿದ್ದ ಸದ್ದೋ.

"ಹಿಡಿ ಮಗಳೇ. ಎರಡೂ ಕೈಯಲ್ಲಿ ಹಿಡಿ, ಭಾರ ಇದೆ."

ಒತೀಲಿಯಾ ಕೆಂಪಾದ ಎರಡು ಅಂಗೈಗಳನ್ನೂ ಚಾಚಿದಳು. ದೆಲ್ಫಿನಾ ಮಡಕೆಯನ್ನು ಹೊದಿಕೆಯ ಸಮೇತ ಅವುಗಳ ಮೇಲಿಟ್ಟು, ನೆಲ ಸವರುತ್ತಿದ್ದ ತುದಿಯನ್ನು ಎತ್ತಿ ಅವಳ ಮಣಿಕಟ್ಟಿನ ಸುತ್ತ ಸುತ್ತಿ, ಒಳಗೆ ಹೋದಳು. ಮಾಂಸದ ಬಿಸಿ ಘಮದ ಕೆಳಗಿನಿಂದ, ಎಂದೂ ತೊಳೆಯದ ಉಣ್ಣೆಯ ವಾಸನೆ ಮೇಲೆದ್ದು ಬಂತು. ಬಾಗಿಲು ಮುಚ್ಚಿಕೊಂಡಿತು. ಎರಡು ಕೈಯೂ ತುಂಬಿ, ಅಲುಗದೆ, ಅವಳು ನಿಂತಳು.